ಗುಡುಗಿನ ಪ್ರಶ್ನೆಗೆ ಉತ್ತರ

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಬ್ಯಾಡಗಿ ತಾಲ್ಲೂಕಿನಲ್ಲಿ ವಿಶೇಷ ಶಿಕ್ಷಕಿಯಾಗಿದ್ದೆ. ಅಂಗವೈಕಲ್ಯದಿಂದ ಶಾಲೆಗೆ ಬರಲಾಗದ ಮಕ್ಕಳ ಹೆಸರು ಹತ್ತಿರದ ಶಾಲೆಯಲ್ಲಿರುತ್ತದೆ, ಪಾಠ ಮಾತ್ರ ಮನೆಯಲ್ಲಿ. ಇದಕ್ಕೆ ಗೃಹಾಧಾರಿತ ಶಿಕ್ಷಣ ಎನ್ನುತ್ತಾರೆ. ವಾರಕ್ಕೊಮ್ಮೆ ಹೋಗಿ ಅದೇನು ಕಲಿಸುತ್ತೀರಿ ಎಂದು ಅಣಕಿಸುವವರಿಗೆ ನನ್ನ ಉತ್ತರ ಒಂದೇ ಆಗಿತ್ತು: ನಾವು ಕಲಿಸುವುದು ತಾಯಿಗೆ, ಉಳಿದ ದಿನಗಳಲ್ಲಿ ಮಗುವಿಗೆ ಕಲಿಸುವವಳು ಅವಳು.

ಎಂಟನೆಯ ತರಗತಿಯ ಪವಿತ್ರಾಳಿಗೆ ಸ್ನಾಯುಗಳು ಸೋಲುತ್ತಾ ಹೋಗುವ ಕಾಯಿಲೆ. ಮಲಗಿದಲ್ಲಿಂದ ಏಳಲಾಗುತ್ತಿರಲಿಲ್ಲ, ಬಾಯಿ ಮಾತ್ರ ಬಲು ಚುರುಕು. ಆರನೆಯ ತರಗತಿಗೆ ಶಾಲೆ ಬಿಟ್ಟಿದ್ದ ತಾಯಿ ನೀಲವ್ವ ವ್ಯಾಪಾರಿಗಳಿಂದ ಮೆಣಸಿನಕಾಯಿ ಚೀಲ ತಂದು, ಮನೆಯಲ್ಲೇ ತೊಟ್ಟು ಬಿಡಿಸುತ್ತಾ ಪಾಠ ಹೇಳುತ್ತಿದ್ದಳು. "ಅವ್ವಾ, ನಿನ್ನೆ ಬ್ಯಾರೆ ಹೇಳಿದ್ದಿ, ಇವತ್ತ ಬ್ಯಾರೆ ಹೇಳಾಕತ್ತಿ" ಎಂದು ಮಗಳು ಕಾಡುತ್ತಿದ್ದಳು. ನೀಲವ್ವ ನಕ್ಕು ಮೊದಲಿಂದ ಶುರುಮಾಡುತ್ತಿದ್ದಳು.

ಆ ಚಳಿಗಾಲ ಹುಡುಗಿಗೆ ಕೆಮ್ಮು ಹತ್ತಿತು. ಹಾವೇರಿಯ ಡಾಕ್ಟರು ಶ್ವಾಸಕೋಶ ಸೋತಿದೆ, ಮೆಣಸಿನ ಘಾಟು ತಾಗಲೇಬಾರದು ಎಂದರು. ಚೀಲಗಳೇನೋ ಮನೆಯಿಂದ ಹೊರಬಿದ್ದವು. ಆದರೆ ಕೂಲಿ ಬಿಟ್ಟರೆ ಒಲೆ ಉರಿಯುವುದು ಹೇಗೆ? ನೀಲವ್ವ ಬೆಳಿಗ್ಗೆ ಮಾರುಕಟ್ಟೆಯ ಗೋದಾಮಿಗೆ ಹೋದರೆ ಸಂಜೆಯೇ ಬರುವುದು. ಅಜ್ಜಿ ಗಂಜಿ ಕುಡಿಸುತ್ತಿದ್ದಳು, ಪಾಠ ನಿಂತಿತು. ಪವಿತ್ರಾ ನನಗೆ ಮುಖ ಕೊಡದೆ ಹೇಳಿದಳು: "ಕಾಯಿ ಹೊರಗ ಹಾಕಿದ್ರಿ, ಅಕ್ಕೋರ. ಅದರ ಕೂಡ ಅವ್ವನೂ ಹೋದ್ಲು."

ಕೊನೆಗೆ ನಾನು ಪಾಠ ಓದಿ, ರೆಕಾರ್ಡ್ ಮಾಡಿ ನೀಲವ್ವನ ಮೊಬೈಲಿಗೆ ಕಳಿಸತೊಡಗಿದೆ. ಗೋದಾಮಿನಲ್ಲಿ ತೊಟ್ಟು ಬಿಡಿಸುತ್ತಾ ಅವಳು ಕೇಳುವಳು. ರಕ್ತ ಸಂಚಾರದ ಪಾಠವಿದ್ದ ದಿನಗಳಲ್ಲಿ ಸುತ್ತ ಕುಳಿತ ಹೆಂಗಸರು "ಇವತ್ತಿನ ಪಾಠ ಹಚ್ಚ ನೀಲವ್ವ, ರಕ್ತ ಎಲ್ಲಿ ಮುಟ್ಟಿತ್ತ ನೋಡೂಣು" ಎನ್ನುತ್ತಿದ್ದರಂತೆ. ಸಂಜೆ ಘಾಟಿನ ಸೀರೆಯನ್ನು ಹಿತ್ತಲಲ್ಲೇ ಬಿಚ್ಚಿ, ತಲೆಗೆ ನೀರು ಹಾಕಿಕೊಂಡು, ಒದ್ದೆಗೂದಲಲ್ಲೇ ಬಂದು ಮಗಳ ಪಕ್ಕ ಕೂರುವಳು. ಶಾಲೆ ಮತ್ತೆ ನಡೆಯಿತು. ನನಗಂತೂ ಗೆದ್ದಷ್ಟು ಸಂತೋಷವಾಗಿತ್ತು.

ಶಬ್ದದ ಪಾಠ ನಡೆದಿದ್ದಾಗ ಪವಿತ್ರಾ ತಾಯಿಯನ್ನು ಕೇಳಿದಳು: "ಮಿಂಚು ಮೊದ್ಲ ಕಾಣ್ತೈತಿ, ಗುಡುಗು ಹಿಂದ ಕೇಳ್ತೈತಿ. ಕೂಡೇ ಯಾಕ ಬರಂಗಿಲ್ಲ?" ನೀಲವ್ವನಿಗೆ ಗೊತ್ತಿರಲಿಲ್ಲ. ಅಕ್ಕೋರನ್ನು ಕೇಳಿ ಹೇಳುತ್ತೇನೆ ಎಂದಳು. ಆ ವಾರ ನಾನು ಹೋಗುವ ಮೊದಲೇ ಹುಡುಗಿಗೆ ನ್ಯುಮೋನಿಯಾ ಆಗಿ ಹಾವೇರಿಯ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವಳು ಮರಳಲಿಲ್ಲ.

ದಿನದ ಕಾರ್ಯಕ್ಕೆ ಹೋದೆ. ಫೋಟೋದ ಮುಂದಿನ ಎಡೆಯಲ್ಲಿ ಅವಳಿಗೆ ಇಷ್ಟವಾದ ಮಂಡಕ್ಕಿ, ಮಿರ್ಚಿ ಬಜ್ಜಿಯೂ ಇದ್ದವು. ನೆಂಟರು ತುಂಬಿದ್ದರು. ನೀಲವ್ವ ನನ್ನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಗುಡುಗಿನ ಪ್ರಶ್ನೆ ಹೇಳಿದಳು. "ಉತ್ರ ಹೇಳ್ರಿ ಅಕ್ಕೋರ. ಅಕಿಗೆ ಹೇಳ್ತೇನಂತ ಮಾತು ಕೊಟ್ಟೇನಿ."

ಅಷ್ಟು ಜನರೆದುರು ನಾನು ಉತ್ತರ ಹೇಳಿದೆ. ನೀಲವ್ವ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಫೋಟೋದ ಕಡೆ ತಿರುಗಿದಳು.

"ಎರಡೂ ಕೂಡೇ ಹೊಂಡ್ತಾವವಾ. ಬೆಳಕಿಗೆ ಓಟ ಜಾಸ್ತಿ, ಲಗೂ ಬರ್ತೈತಿ. ಸಪ್ಪಳ ನಿಧಾನ. ತಿಳೀತೇನವಾ?"

ದಿನವೂ ಪಾಠದ ಕೊನೆಗೆ ಹೀಗೆಯೇ ಕೇಳುತ್ತಿದ್ದಳಂತೆ. ಕೇಳಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಮಗು ತೀರಿಕೊಂಡರೆ ಹಾಜರಿಯಿಂದ ಹೆಸರು ತೆಗೆದು ಮುಂದಿನ ಮನೆಗೆ ಹೋಗುವುದು ನಮ್ಮ ರೂಢಿ. ಶಾಲೆ ನಡೆಸಿದವಳು ಆ ಮನೆಯಲ್ಲಿ ಇನ್ನೂ ಇರುತ್ತಾಳೆ ಎಂಬುದು ನನಗೆ ತಿಳಿದದ್ದು ಅಂದು. ಆಮೇಲೆ ನಿವೃತ್ತಿಯವರೆಗೂ ಅಂಥ ಮನೆಗಳಿಗೆ ಇನ್ನೊಮ್ಮೆ ಹೋಗುತ್ತಿದ್ದೆ. ಮಗು ಕೇಳಿದ್ದ ಪ್ರಶ್ನೆ ಏನಾದರೂ ಉಳಿದಿದೆಯೇ ಎಂದು ತಾಯಿಯನ್ನು ಕೇಳುತ್ತಿದ್ದೆ.