ನಂಜುಂಡನ ಹೆಸರಿನ ಬೀಗ

ನಮ್ಮ ಯಜಮಾನರ ಹೆಸರು ಅಮೃತೇಶ್. ಬರೆಯುತ್ತೇನೆ, ಬಾಯಿಂದ ಇವತ್ತಿಗೂ ಹೇಳುವುದಿಲ್ಲ. ನಾನು ಓದಿರುವುದು ಆರನೇ ಕ್ಲಾಸು. ಅವರ ಕೆಲಸ ನನಗೆ ಅರ್ಥವಾದಷ್ಟೇ ಇಲ್ಲಿ ಬರೆದಿದ್ದೇನೆ.

ಅವರು ಕಳಲೆಯವರು. ನಂಜನಗೂಡು ಬಸ್ ಸ್ಟ್ಯಾಂಡಿನ ಹತ್ತಿರ ಸೈಬರ್ ಸೆಂಟರ್ ಇಟ್ಟಿದ್ದರು. ಮೈಸೂರಲ್ಲಿ ಆರು ತಿಂಗಳು ಕಲಿತು ವೆಬ್‌ಸೈಟ್ ಮಾಡಿಕೊಡುತ್ತಿದ್ದರು. 2004ರಲ್ಲಿ ನಮ್ಮ ಜನರ ಹೆಣ್ಣು ಗಂಡು ಕೂಡಿಸಲು ಒಂದು ವೆಬ್‌ಸೈಟ್ ಮಾಡಿದರು. ನಂಜನಗೂಡಿನವರು, ತಿ. ನರಸೀಪುರದವರು ಹೆಣ್ಣುಮಕ್ಕಳ ಫೋಟೊ ತಂದು ಕೊಟ್ಟರು. ಇವರ ಮುಖ ನೋಡಿ ಕೊಟ್ಟರು.

ನಮ್ಮ ಕಡೆ ಯಾವ ಕೆಲಸ ಶುರು ಮಾಡಿದರೂ ಮೊದಲು ನಂಜುಂಡೇಶ್ವರನ ಹೆಸರು. ಲಗ್ನಪತ್ರಿಕೆಯ ಮೇಲೂ ಅದೇ. ಇವರು ಪಾಸ್‌ವರ್ಡಿಗೂ ಅದನ್ನೇ ಇಟ್ಟರು. ಪಾಸ್‌ವರ್ಡ್ ಅಂದರೆ ಬೀಗ ತೆಗೆಯುವ ಗುಟ್ಟಿನ ಮಾತು. ಈ ಊರಲ್ಲಿ ಆ ಹೆಸರು ಯಾರಿಗೆ ಹೊಳೆಯುವುದಿಲ್ಲ?

ಯಾರಿಗೋ ಹೊಳೆಯಿತು. ಹೆಡತಲೆಯ ಸಿದ್ದಮಲ್ಲಪ್ಪನವರ ಮಗಳು ಶ್ವೇತಳ ಫೋಟೊ ಕೆಳಗೆ ಹೊಲಸು ಬರೆದರು. ಗಂಡಿನ ಕಡೆಯವರು ಅದನ್ನು ನೋಡಿದರು. ಒಪ್ಪಿದ್ದ ಸಂಬಂಧ ಮುರಿಯಿತು.

ಸಿದ್ದಮಲ್ಲಪ್ಪನವರು ಅಂಗಡಿಗೆ ಬಂದರು. ಕೂರಲಿಲ್ಲ. ನಾನು ಕೊಟ್ಟ ನೀರನ್ನು ಮುಟ್ಟಲಿಲ್ಲ.

"ನನ್ ಮಗ್ಳು ಫೋಟ ನಿನ್ ಕೈಗ್ ಕೊಟ್ಟಿದ್ದು ಬೀದೀಲಿ ಆಕಕೇನ್ಲಾ?"

"ತಪ್ಪು ನಂದೇ ಅಣ್ಣೋರೆ."

ಇವರು ಅವತ್ತೇ ವೆಬ್‌ಸೈಟ್ ಮುಚ್ಚಿದರು. ಫೋಟೊಗಳನ್ನೆಲ್ಲ ಅಂಗಡಿಯ ಒಂದು ಕಂಪ್ಯೂಟರಿಗೆ ತಂದಿಟ್ಟರು. ಮನೆಗೆ ಬಂದು, "ನಂಗೆ ಬಣ್ಣ ಬಳ್ಯಕ್ ಬತ್ತದೆ ಕಣೇ, ಗೋಡೆ ಕಟ್ಟಕ್ ಬರಾಕಿಲ್ಲ" ಅಂದರು.

ಆಮೇಲೆ ಪ್ರತಿ ಭಾನುವಾರ ಬಸ್ಸು ಹತ್ತಿ ನರಸೀಪುರಕ್ಕೆ. ಅಲ್ಲಿ ಪ್ರಸಾದ್ ಮೇಷ್ಟ್ರು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಇವರಿಗಿಂತ ಹತ್ತು ವರ್ಷ ಚಿಕ್ಕವರು.

"ಅಂಗ್ಡಿ ಇಟ್ಟು ಇಷ್ಟ್ ವರ್ಷ ಆದ್ಮೇಲೆ ಅ ಆ ಇ ಈನಾ ಸಾ?" ಅಂತ ನಕ್ಕಿದ್ದರಂತೆ.

"ಆಗ್ಲೇ ಕಲೀಬೇಕಿತ್ತು, ಕಲೀಲಿಲ್ಲ. ಈಗ ಕಲ್ಸಿ."

ಮೂವತ್ತೆಂಟನೇ ವಯಸ್ಸಿಗೆ ಪ್ರೋಗ್ರಾಮಿಂಗ್ ಬುಡದಿಂದ ಕಲಿತರು. ಸಿ, ಲಿನಕ್ಸ್ ಅನ್ನುತ್ತಿದ್ದರು. ಒಂದೊಂದು ಫೈಲನ್ನೂ ಯಾರು ನೋಡಬಹುದು, ಯಾರು ತಿದ್ದಬಹುದು ಅಂತ ಬೇರೆ ಬೇರೆ ಕಟ್ಟು ಹಾಕಬೇಕಂತೆ. ಮೊದಲು ಇವರು ಏನೂ ಹಾಕಿರಲಿಲ್ಲ. ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಶ್ರೀ ನಂಜುಂಡೇಶ್ವರ ಪ್ರಸನ್ನ ಅಂತಲೇ ಬರೆದರು. "ದೇವ್ರು ಪುಸ್ತಕದ್ ಮ್ಯಾಲಿರ್ಲಿ, ಬೀಗದಲ್ ಬ್ಯಾಡ" ಅಂದರು.

ಫೋಟೊಗಳನ್ನೆಲ್ಲ ಪಾಸ್‌ವರ್ಡ್ ಇಲ್ಲದೆ ಬಿಚ್ಚಲಾಗದ ಹಾಗೆ ಗುಟ್ಟಿನ ಲಿಪಿಗೆ ತಿರುಗಿಸಿ, ಒಂದು ದಿನ ಅಂಗಡಿಯಲ್ಲಿ ನನ್ನನ್ನು ಆ ಕಂಪ್ಯೂಟರಿನ ಮುಂದೆ ಕೂರಿಸಿದರು.

"ನೀ ಕಳ್ಳಿ ಆಗು. ಒಳಿಕ್ ಓಗು ನೋಡವ."

ಒಂದೊಂದೇ ಅಕ್ಷರ ಹುಡುಕಿ ದೇವರ ಹೆಸರು ಒತ್ತಿದೆ. ಅತ್ತೆಯ ಹೆಸರು ಒತ್ತಿದೆ. ನನ್ನ ಹೆಸರು ಒತ್ತಿದೆ. ಬೀಗ ತೆರೆಯಲಿಲ್ಲ.

"ನಿಮ್ಗೇ ಮರ್ತೋದ್ರೆ?"

"ನಂಗ್ಯಾಕ್ ಮರ್ತೋದದು? ನಾನಿರಾಕಿಲ್ವಾ?"

ವೆಬ್‌ಸೈಟ್ ಮತ್ತೆ ತೆರೆದಾಗ ಯಾರೂ ಫೋಟೊ ಕೊಡಲಿಲ್ಲ. ಇವರು ಹೆಡತಲೆಗೆ ಎರಡು ಸಲ ಹೋದರು. ಸಿದ್ದಮಲ್ಲಪ್ಪನವರು ಜಗಲಿ ಹತ್ತಿಸಲಿಲ್ಲ. ಆದರೂ ಇವರು ಭಾನುವಾರದ ಬಸ್ಸು ತಪ್ಪಿಸಲಿಲ್ಲ. 2007ರಲ್ಲಿ ಅದೇ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಒರಗಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ನೋಟ್‌ಬುಕ್ ಅವರ ಬಟ್ಟೆಯ ಜೊತೆ ಮನೆಗೆ ಬಂತು.

ಹನ್ನೊಂದನೇ ದಿನದ ಶಿವಗಣಾರಾಧನೆಯ ಊಟಕ್ಕೆ ಸಿದ್ದಮಲ್ಲಪ್ಪನವರು ಬಂದರು. ಬಾಗಿಲಲ್ಲೇ ನಿಂತರು.

"ನನ್ ಮಗ್ಳು ಫೋಟ ಇನ್ನೂ ಆ ಡಬ್ಬದಲ್ಲದಾ? ತಗ್ಸು ತಾಯಿ."

ಪ್ರಸಾದ್ ಮೇಷ್ಟ್ರು ಅಲ್ಲೇ ಇದ್ದರು. ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ, ಅಂಗಡಿ ಬಾಗಿಲು ತೆಗೆಸಿ ಕಂಪ್ಯೂಟರಿನ ಮುಂದೆ ಕೂತರು. ಮೊದಲು ದೇವರ ಹೆಸರನ್ನೇ ಒತ್ತಿದರು. ನೋಟ್‌ಬುಕ್ ಪೂರ್ತಿ ಹುಡುಕಿದರು. ಪಾಸ್‌ವರ್ಡ್ ಎಲ್ಲೂ ಬರೆದಿರಲಿಲ್ಲ. ಎರಡು ಗಂಟೆ ಆಯಿತು.

"ಇಲ್ಲ ಕಣಮ್ಮ. ಕಲ್ಸಿದ್ದು ನಾನೇ, ನನ್ ಕೈಲೇ ಆಗ್ತಿಲ್ಲ."

"ಅಂಗಾರೆ ಯಾರೂ ನೋಡಕ್ಕಾಗಾಕಿಲ್ವಾ?" ಅಂದರು ಸಿದ್ದಮಲ್ಲಪ್ಪನವರು.

"ಯಾರ್ಗೂ ಆಗಲ್ಲ ಸಾ."

ಸಿದ್ದಮಲ್ಲಪ್ಪನವರು ಮನೆಗೆ ಬಂದು ಕೊನೆಯ ಪಂಕ್ತಿಯಲ್ಲಿ ಕೂತರು. ಉಂಡರು. ನಾನು ನೀರು ಕೊಟ್ಟೆ. ಕುಡಿದರು.

ಅವತ್ತಿಗೂ ಶ್ವೇತಳಿಗೆ ಮದುವೆ ಆಗಿರಲಿಲ್ಲ. ಸಿದ್ದಮಲ್ಲಪ್ಪನವರು ಲೋಟ ಕೆಳಗಿಟ್ಟು ಹೋದರು. ಅವರು ನೀರು ಕುಡಿದದ್ದನ್ನು ನಮ್ಮ ಯಜಮಾನರು ನೋಡಬೇಕಿತ್ತು.