ಸುರಂಗದ ಸಲಕರಣೆಗಳೂ ಅಕ್ಕನ ತಪಾಸಣೆಯೂ

ಬಂಟ್ವಾಳ ತಾಲೂಕಿನಲ್ಲಿರುವ ಅಕ್ಕನ ಮನೆಗೆ ನೀರು ಬರುವುದು ಗುಡ್ಡದ ಹೊಟ್ಟೆಯಿಂದ. ಮನೆಯ ಹಿಂದೆ ಕೆಂಪು ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗವಿದೆ. ಒಳಗೆ ಜಿನುಗಿದ ನೀರು ನೆಲದ ಮೇಲೆ ಹರಿದು ಬಾಯಿಯವರೆಗೆ ಬಂದು, ಅಲ್ಲಿಂದ ಪೈಪಿನಲ್ಲಿ ತೊಟ್ಟಿಗೆ ಇಳಿಯುತ್ತದೆ. ಪಂಪಿಲ್ಲ, ಸ್ವಿಚ್ಚಿಲ್ಲ. ಕಳೆದ ಬೇಸಗೆಯಲ್ಲಿ ಬೆರಳಿನಷ್ಟಿದ್ದ ಧಾರೆ ನೂಲಿನಷ್ಟಾಯಿತು. ಭಾವ ಕೂಡಲೇ ಬೋರ್‌ವೆಲ್ ಲಾರಿಯವನಿಗೆ ಸೋಮವಾರ ಬರಲು ಹೇಳಿದರು. ಲಾರಿ ಬಂದರೆ ಸುರಂಗದ ಕಡೆ ಮತ್ತೆ ಯಾರೂ ತಲೆ ಹಾಕುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಮದುವೆಯಾಗಿ ಬಂದಂದಿನಿಂದ ಅವಳು ಕುಡಿದದ್ದು, ಬೇಯಿಸಿದ್ದು, ದೇವರ ಮುಂದೆ ಇಟ್ಟದ್ದು ಅದೇ ನೀರು. ಶನಿವಾರ ಮೂಡುಬಿದಿರೆಯಲ್ಲಿರುವ ನನಗೆ ಅವಳ ಫೋನು ಬಂತು.

"ನಾಳೆ ಬಾ. ಒಳಗೆ ಹೋಗಿ ನೋಡ್ಲಿಕ್ಕೆ ಜನ ಇಲ್ಲ. ನಿನ್ನ ಹತ್ರ ತಲೆಗೆ ಕಟ್ಟುವ ಲೈಟು ಉಂಟಲ್ಲ."

ಒಬ್ಬ ಮನುಷ್ಯನನ್ನು ಭೂಗರ್ಭಕ್ಕೆ ಕಳಿಸಲು ಇಷ್ಟು ಅರ್ಹತೆ ಸಾಕೆಂದು ನನಗೂ ಅನಿಸಿತು. ಬೆಳ್ತಂಗಡಿಯ ಅಂಗಡಿಯವನು ಆ ಲೈಟನ್ನು ರಬ್ಬರ್ ಟ್ಯಾಪಿಂಗಿನವರಿಗೆಂದು ತರಿಸಿದ್ದ. ನಾನು ಕರೆಂಟು ಹೋದಾಗ ಪೇಪರ್ ಓದಲು ಕೊಂಡಿದ್ದೆ. ಆದರೆ ಒಂದೇ ಬೆಳಕನ್ನು ನಂಬಿ ಗುಹೆಗೆ ಇಳಿಯಬಾರದು ಎಂಬುದು ಬಲ್ಲವರ ಮಾತು. ಆದ್ದರಿಂದ ಒಂದು ಕೈಟಾರ್ಚು, ಒಳಗಿನ ಗಾಳಿ ಕೆಟ್ಟಿದೆಯೇ ಎಂದು ತಿಳಿಯಲು ಮೇಣದಬತ್ತಿ, ಸ್ಕೂಟರಿನ ಹೆಲ್ಮೆಟ್, ಹಗ್ಗ, ಮೊಣಕಾಲುದ್ದದ ಹೊಸ ಗಂಬೂಟು ಇಷ್ಟನ್ನು ಸಿದ್ಧಪಡಿಸಿಕೊಂಡು ಆದಿತ್ಯವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಗಂಬೂಟು ಚೀಲದಲ್ಲಿ ಹಿಡಿಸದ್ದರಿಂದ ಕಾಲಿಗೇ ಹಾಕಿಕೊಂಡಿದ್ದೆ. ಪಕ್ಕದ ಸೀಟಿನವರು ನನ್ನ ಕಾಲು ನೋಡಿದರು, ಕಿಟಕಿಯಿಂದ ಆಕಾಶ ನೋಡಿದರು. "ಮಳೆ ಉಂಟಂತಾ?" ಎಂದರು.

ಸುರಂಗದ ಬಾಯಲ್ಲಿ ಅಕ್ಕ ಕಾದು ನಿಂತಿದ್ದಳು.

"ಅದನ್ನು ಕಳಚು."

"ಯಾವುದನ್ನು?"

"ಬೂಟನ್ನು. ಕುಡಿಯುವ ನೀರಿಗೆ ಚಪ್ಪಲಿ ಹಾಕಿ ಇಳಿಯುವುದಾ?"

"ಇದು ಚಪ್ಪಲಿ ಅಲ್ಲ ಅಕ್ಕ, ಸುರಕ್ಷತೆಗೆ ಇರುವುದು. ಹೊಸತು ಬೇರೆ."

"ಹೊಸತಾದ್ರೂ ಬಸ್ಸಿನಲ್ಲಿ ಬಂದದ್ದಲ್ವಾ?"

ಬೂಟು ಕಳಚಿದೆ. ಅವಳು ಹೆಲ್ಮೆಟನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದಳು.

"ಇದು ಮೀನು ಮಾರ್ಕೆಟಿಗೂ ಹೋಗ್ತದಾ?"

ಸುಳ್ಳು ಹೇಳುವ ಅಭ್ಯಾಸ ನಾನು ಇಟ್ಟುಕೊಂಡಿಲ್ಲ. ಹೆಲ್ಮೆಟ್ ಕಟ್ಟೆಯ ಮೇಲೆ ಹೋಗಿ ಕುಳಿತಿತು. ಅದರ ಬದಲು ಭಾವ ತಮ್ಮ ಮುಟ್ಟಾಳೆಯನ್ನು, ಅಂದರೆ ಅಡಿಕೆ ಹಾಳೆಯ ಟೋಪಿಯನ್ನು, ನನ್ನ ತಲೆಗೆ ಇಟ್ಟು ಅದರ ಮೇಲೆ ಲೈಟು ಬಿಗಿದರು.

"ಕಲ್ಲು ಬಿದ್ರೆ ಟೋಪಿಗೆ ಎಂತ ಆಗುವುದಿಲ್ಲ ಮಾರಾಯ್ರೆ" ಎಂದು ಧೈರ್ಯ ಹೇಳಿದರು.

ನನ್ನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದವರೂ ಅವರೇ. ಹೀಗೆ ನನ್ನ ಜೀವ ಬೋರ್‌ವೆಲ್ ಪಕ್ಷದವರ ಕೈಯಲ್ಲಿತ್ತು.

ಒಳಗೆ ಬಗ್ಗಿಯೇ ನಡೆಯಬೇಕು. ಬತ್ತಿಯ ಜ್ವಾಲೆ ಸಣ್ಣದಾದರೆ ತಿರುಗಿ ಬರುವುದೆಂದು ತೀರ್ಮಾನಿಸಿ ಅದನ್ನು ಮುಂದೆ ಹಿಡಿದು ಹೊರಟೆ. ಅದು ನೆಟ್ಟಗೆ ಉರಿಯುತ್ತಿತ್ತು. ಬೆಳಕು ಕತ್ತಲೆಯನ್ನು ಓಡಿಸುತ್ತದೆ ಎನ್ನುತ್ತಾರೆ. ಅಲ್ಲಿ ಕತ್ತಲೆ ಓಡಲಿಲ್ಲ. ಎರಡು ಮಾರು ಹಿಂದೆ ಸರಿದು ನಿಂತು ನನ್ನನ್ನು ಕಾಯುತ್ತಿತ್ತು. ಆಗಾಗ ಹಗ್ಗ ಜಗ್ಗುತ್ತಿತ್ತು, ಹಿಂದಿನಿಂದ ಭಾವನ ಧ್ವನಿ ಬರುತ್ತಿತ್ತು: "ಇದ್ದೀರಾ?"

"ಇದ್ದೇನೆ."

ತಿರುವಿನ ಆಚೆ ಮೇಲಿನಿಂದ ಕುಸಿದ ಮಣ್ಣು ಅಡ್ಡಲಾಗಿ ಬಿದ್ದು ಸಣ್ಣ ಕಟ್ಟದಂತಾಗಿತ್ತು. ಅದರ ಹಿಂದೆ ನೀರು ನಿಂತಿತ್ತು. ಆದರೆ ನಿಂತ ನೀರು ತುಂಬಿ ಕಟ್ಟವನ್ನು ದಾಟಿ ಬರಬೇಕಿತ್ತಲ್ಲ? ಲೈಟು, ಟಾರ್ಚು, ಬತ್ತಿ ಮೂರನ್ನೂ ಅತ್ತ ತಿರುಗಿಸಿದೆ. ಮೂರಕ್ಕೂ ಕಂಡದ್ದು ಕೆಂಪು ನೀರು ಮಾತ್ರ. ಕೊನೆಗೆ ಇಳಿದೆ. ಎಡಗೋಡೆಯ ಬುಡದಲ್ಲಿ ಪಾದಕ್ಕೆ ತಣ್ಣನೆಯ ಸೆಳೆತ ತಾಗಿತು. ಅಲ್ಲೊಂದು ಬಿಲ, ಅಕ್ಕನ ನೀರೆಲ್ಲ ಅದರೊಳಗೆ ಇಳಿದು ಎಲ್ಲಿಗೋ ಹೋಗುತ್ತಿತ್ತು. ಬೂಟಿದ್ದರೆ ಇದು ತಿಳಿಯುತ್ತಿರಲಿಲ್ಲ. ಈ ಸಂಗತಿಯನ್ನು ನಾನು ಹೊರಗೆ ಬಂದು ಯಾರಿಗೂ ಹೇಳಲಿಲ್ಲ.

ಕಲ್ಲು ತುರುಕಿ, ಜೇಡಿ ಮೆತ್ತಿ ಬಿಲ ಮುಚ್ಚಿದೆ. ಅಡ್ಡ ಬಿದ್ದ ಮಣ್ಣನ್ನು ಕೈಯಿಂದ ಕೆದಕಿ ದಾರಿ ಬಿಡಿಸಿದೆ. ನೀರು ನನಗಿಂತ ಮೊದಲು ಹೊರಗೆ ತಲುಪಿತು.

ಪೈಪಿನಿಂದ ಕೆಂಪು ಕೆಸರು ಬೀಳುವುದನ್ನು ಭಾವ ನೋಡುತ್ತಿದ್ದರು. "ಇದು ನೀರಲ್ಲ ಮಾರಾಯ್ರೆ, ಸಾರು. ಲಾರಿ ಬರ್ಲಿ, ಯಾವುದಕ್ಕೂ ಇರ್ಲಿ."

ಅಕ್ಕ ತೊಟ್ಟಿಯ ಬದಿಯ ಕಲ್ಲಿನ ಮೇಲೆ ಕುಳಿತಳು. ನಾವು ಸ್ನಾನ ಮಾಡಿ, ನಾವೇ ಬಡಿಸಿಕೊಂಡು ಉಂಡು ಬಂದರೂ ಅವಳು ಅಲ್ಲಿಯೇ ಇದ್ದಳು. ಮಧ್ಯಾಹ್ನ ಕಳೆದು ಕೆಂಪು ತಿಳಿಯಾಯಿತು. ಧಾರೆ ಬೆರಳಿಗಿಂತ ದಪ್ಪವಿತ್ತು. ಅವಳು ಚೊಂಬು ತೊಳೆದಳು, ತುಂಬಿಸಿದಳು, ಎತ್ತಿ ಕುಡಿದಳು. ಆಮೇಲೆ ಭಾವನ ಮುಂದೆ ಕೈ ಚಾಚಿದಳು.

"ಲಾರಿಯವನ ನಂಬ್ರ ಒತ್ತಿ ಕೊಡಿ."

ಭಾವ ನನ್ನ ಮುಖ ನೋಡಿದರು. ನಾನು ಗುಡ್ಡ ನೋಡಿದೆ. ಅವರು ಒತ್ತಿ ಕೊಟ್ಟರು.

"ನಾಳೆ ಬರುವುದು ಬೇಡ" ಎಂದಳು ಅಕ್ಕ. ಆ ಕಡೆಯವನು ಮತ್ತೆ ಯಾವಾಗ ಬರಲಿ ಎಂದು ಕೇಳಿರಬೇಕು. "ಬೇಕಾದ್ರೆ ನಾವೇ ಫೋನ್ ಮಾಡ್ತೇವೆ ಅಣ್ಣ. ನೀವು ಮಾಡ್ಲಿಕ್ಕೆ ಹೋಗ್ಬೇಡಿ."

ಫೋನಿಗೆ ತಾಗಿದ ನೀರನ್ನು ಸೆರಗಿನಲ್ಲಿ ಒರೆಸಿ ಭಾವನಿಗೆ ಹಿಂದೆ ಕೊಟ್ಟಳು.