ಹಾರ್ನಿಗೆ ಹಾಕಿದ ಫ್ಯಾನ್ ಕಂಡೆನ್ಸರ್

ನನ್ನ ಹೆಂಡತಿ ಹಾಡುವುದನ್ನು ಬಿಟ್ಟದ್ದು ನಾನು ಬದಲಿಸಿದ ಕಂಡೆನ್ಸರುಗಳಿಂದ. ಈ ಮಾತು ಒಪ್ಪಿಕೊಳ್ಳಲು ನನಗೆ ಆರು ವರ್ಷ ಬೇಕಾಯಿತು. ಒಪ್ಪಿಕೊಂಡ ದಿನ ಅಳುವೂ ಬರಲಿಲ್ಲ, ನನ್ನ ಮೇಲೆ ಸಿಟ್ಟೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಮುಟ್ಟಿ ನೋಡಿದರೆ ಹೇಗಿರುತ್ತದೋ ಹಾಗಿತ್ತು. ಇವತ್ತಿಗೂ ಹೆಚ್ಚು ಕಡಿಮೆ ಹಾಗೇ ಇದೆ.

ನಾವು ಇರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ನಾನು ಉಡುಪಿ ಕಡೆಯವನು, ಅವಳು ಕುಂದಾಪುರದ ಕಡೆಯವಳು. ಅವಳಿಗೆ ತುಳು ಬಾರದು, ಹಾಗಾಗಿ ಮನೆಯಲ್ಲಿ ಕನ್ನಡ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನಾನು ರಬಾಳೆಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ತಗಡಿನ ಹಾಳೆಗಳ ಮೇಲೆ ದಿನವಿಡೀ ಯಂತ್ರ ಬಡಿಯುತ್ತಿರುತ್ತದೆ. ಕಿವಿಗೆ ಹಾಕಿಕೊಳ್ಳಲು ಹಳದಿ ಬಿರಡೆ ಕೊಡುತ್ತಿದ್ದರು. ಅದನ್ನು ಹಾಕಿಕೊಳ್ಳುವವರನ್ನು ನಾವು ಹಳಬರು ತಮಾಷೆ ಮಾಡುತ್ತಿದ್ದೆವು.

ಶನಿವಾರ ಸಂಜೆ ನಮ್ಮ ಕನ್ನಡದವರ ಭಜನೆ. ಸ್ಟೇಷನ್ನಿನ ಪೂರ್ವಕ್ಕೆ ಒಂದು ಹೌಸಿಂಗ್ ಸೊಸೈಟಿಯ ತಳಮಹಡಿಯಲ್ಲಿ ಭಜನಾ ಮಂಡಳಿಗೆ ಚಿಕ್ಕ ಹಾಲ್ ಇತ್ತು. ಹಾಡುವವರು ಹತ್ತು ಹನ್ನೆರಡು ಜನ, ಆದರೆ ಜನ ಬರುತ್ತಿದ್ದದ್ದು ನನ್ನ ಹೆಂಡತಿಯ ಹಾಡಿಗೆ. ಇದು ಗಂಡನ ಹೊಗಳಿಕೆಯಲ್ಲ. ಅವಳು ತಾರಸ್ಥಾಯಿಗೆ ಹತ್ತಿದಾಗ ಹೊರಗೆ ಚಪ್ಪಲಿ ಬಿಡುತ್ತಿದ್ದವರು ಚಪ್ಪಲಿ ಕೈಯಲ್ಲೇ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟುವವಳಿಗೆ ವಾರದಲ್ಲಿ ತನ್ನದೆಂದು ಇದ್ದದ್ದು ಆ ಒಂದೂವರೆ ಗಂಟೆ.

ಎಲ್ಲ ಕಡೆ ಮಲ್ಟಿಪ್ಲೆಕ್ಸು ಬರತೊಡಗಿದ ಕಾಲ ಅದು. ಕಲ್ಯಾಣದ ಕಡೆ ಒಂದು ಹಳೆಯ ಟಾಕೀಸು ಮುಚ್ಚಿ, ಅದರ ಎರಡು ಸ್ಪೀಕರುಗಳು ವಿಠ್ಠಲವಾಡಿಯ ಗುಜರಿಯವನಲ್ಲಿಗೆ ಬಂದಿದ್ದವು. ಕಪಾಟಿನಷ್ಟು ದೊಡ್ಡ ಮರದ ಪೆಟ್ಟಿಗೆಗಳು. ಕೆಳಗೆ ಅಗಲವಾದ ಕೋನ್, ಮೇಲೆ ಬಾಯಿ ತೆರೆದ ಹಾರ್ನ್. ನಾನೇ ಹೋಗಿ ನೋಡಿ, ಮಂಡಳಿಗೆಂದು ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ. ಹಾಲಿನಲ್ಲಿ ಇಟ್ಟು ಜೋಡಿಸಿದರೆ ಸದ್ದು ಕಂಬಳಿಯೊಳಗಿಂದ ಬಂದಂತಿತ್ತು.

ಕಾರಣ ನನಗೆ ಗೊತ್ತಿತ್ತು. ಪೆಟ್ಟಿಗೆಯೊಳಗೆ ಕ್ರಾಸೋವರ್ ಎಂಬ ಚಿಕ್ಕ ಹಲಗೆ ಇರುತ್ತದೆ. ಮಂದ್ರದ ಸ್ವರವನ್ನು ಕೋನಿಗೂ ತಾರದ ಸ್ವರವನ್ನು ಹಾರ್ನಿಗೂ ಕಳುಹಿಸುವುದು ಅದರ ಕೆಲಸ. ಹಾರ್ನಿನ ದಾರಿಯಲ್ಲಿ ಕೂತ ಕಂಡೆನ್ಸರ್ ದಪ್ಪ ಸ್ವರವನ್ನು ತಡೆದು ತೆಳುವಾದದ್ದನ್ನು ಮಾತ್ರ ಬಿಡುತ್ತದೆ. ವಯಸ್ಸಾದರೆ ಅದು ಒಳಗೊಳಗೇ ಒಣಗಿ, ಬಿಡಬೇಕಾದದ್ದನ್ನೂ ಸರಿಯಾಗಿ ಬಿಡುವುದಿಲ್ಲ. ಆಗ ಹಾರ್ನ್ ಇದ್ದೂ ಇಲ್ಲದಂತೆ. ಹಳೆಯದನ್ನು ಬಿಚ್ಚಿ, ಕಂಪನಿಯ ಮೀಟರಿನಲ್ಲಿ ಅಳೆದು, ಮುಂಬಯಿಗೆ ಹೋಗಿ ಅದರ ಮೇಲೆ ಬರೆದಿದ್ದ ಲೆಕ್ಕದ ಒಳ್ಳೆಯ ಫಿಲ್ಮ್ ಕಂಡೆನ್ಸರ್ ತಂದು ಬೆಸುಗೆ ಹಾಕಿದೆ. ಆ ಶನಿವಾರ ಹೆಂಡತಿ ಹಾಡಿದಾಗ ಹಾಲಿನಲ್ಲಿ ಯಾರೂ ಅಲ್ಲಾಡಲಿಲ್ಲ. ಅವಳು ಮನೆಗೆ ಬರುವ ದಾರಿಯಲ್ಲಿ, “ನನ್ ಸ್ವರ ನಂಗೇ ಬೇರೆಯವ್ರದ್ದ್ ಕಂಡಾಂಗ್ ಆಯ್ತ್” ಎಂದಳು. ಆ ಕೆಲಸ ಸರಿಯಾಗಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು.

ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನ ಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಒಂದು ಫಲಕ. ಕಲ್ಯಾಣದಲ್ಲಿ ಹೋಟೆಲ್ ನಡೆಸುತ್ತಿದ್ದ ಅಧ್ಯಕ್ಷರು ನನ್ನನ್ನು ‘ಧ್ವನಿಬ್ರಹ್ಮ’ ಎಂದು ಕರೆದರು. ಒಳಗೊಳಗೇ ನಗು ಬಂದರೂ ಫಲಕವನ್ನು ಟಿವಿಯ ಮೇಲೆ ಇಟ್ಟುಕೊಂಡೆ. ನಮ್ಮವರಲ್ಲಿ ಒಂದು ರೀತಿಯಿದೆ: ಒಮ್ಮೆ ಶಾಲು ಹೊದಿಸಿದ ಮೇಲೆ ಆ ಮನುಷ್ಯನ ಕೆಲಸದಲ್ಲಿ ತಪ್ಪು ಹುಡುಕಬಾರದು, ಹುಡುಕಿದರೆ ಹೊದಿಸಿದವರಿಗೇ ಅವಮಾನ. ಅದರಲ್ಲೂ ದೇವರ ಸೇವೆಯೆಂದು ಬಿಟ್ಟಿ ದುಡಿದವನಿಗೆ ಯಾರು ಏನು ಹೇಳುತ್ತಾರೆ?

ಒಂದೆರಡು ವರ್ಷ ಕಳೆಯಿತು. ಸ್ವರ ಮತ್ತೆ ಮಂಕಾಗಿದೆ ಅನಿಸಿತು ನನಗೆ. ಬೇರೆ ಯಾರೂ ಹಾಗೆ ಹೇಳಿರಲಿಲ್ಲ, ಆದರೆ ಧ್ವನಿಬ್ರಹ್ಮ ನಾನಲ್ಲವೇ? ಪೆಟ್ಟಿಗೆಯ ಹಿಂಬದಿ ಬಿಚ್ಚಿದೆ. ಸೀಲಿಂಗ್ ಫ್ಯಾನಿಗೆ ಹಾಕುವ ಬಿಳಿ ಡಬ್ಬಿಯ ಕಂಡೆನ್ಸರ್ ಇದೆಯಲ್ಲ, ಅದರೊಳಗೂ ಫಿಲ್ಮೇ ಇರುತ್ತದೆ, ಮಾಲು ಗಟ್ಟಿ. ಮೊದಲಿನದರ ಪಕ್ಕದಲ್ಲಿ ಅದನ್ನೊಂದು ಕೂಡಿಸಿದೆ. ಹಾರ್ನಿಗೆ ಹೆಚ್ಚು ಹೋಯಿತು. ಕೆಲವು ತಿಂಗಳ ಮೇಲೆ ಇನ್ನೊಂದು. ಹಾರ್ನ್ ಹುಟ್ಟಾ ಗಟ್ಟಿಗಂಟಲಿನದು, ಅದನ್ನು ಕೋನಿನ ಮಟ್ಟಕ್ಕೆ ಇಳಿಸಲೆಂದೇ ಮಾಡಿದವರು ಒಂದು ರೆಸಿಸ್ಟರ್ ಇಟ್ಟಿದ್ದರು. ಕೊನೆಗೆ ಅದನ್ನೂ ಕಿತ್ತು ನೇರ ತಂತಿ ಎಳೆದೆ. ಆಗ ನನಗೆ ಚೊಕ್ಕವಾಗಿ ಕೇಳಿಸಿತು.

ಮುಂದಿನ ಸಾಲಿನ ಹೆಂಗಸರು ಹಿಂದಿನ ಗೋಡೆಗೆ ಸರಿದು ಕೂರತೊಡಗಿದರು. ಅಲ್ಲಿ ಗಾಳಿ ಚೆನ್ನಾಗಿದೆಯೆಂದು ನಾನು ಅಂದುಕೊಂಡೆ. ಮಗಳು ಕಿವಿಗೆ ಕೈ ಒತ್ತಿಕೊಂಡು, “ಪಪ್ಪಾ, ಕಮ್ ಕರೋ ನಾ, ಕಾನ್ ಮೇಂ ಚುಭ್ ರಹಾ ಹೈ” ಎಂದಳು. ದಿನವಿಡೀ ಕಿವಿಗೆ ವೈರು ಸಿಕ್ಕಿಸಿಕೊಳ್ಳುವವಳಿಗೆ ಭಜನೆ ಚುಚ್ಚದೆ ಇನ್ನೇನು ಎಂದು ಗದರಿದೆ.

ಆಮೇಲೊಂದು ಶನಿವಾರ. ಹೆಂಡತಿ ಪದದ ಮೇಲಿನ ಸಾಲಿಗೆ ಹೋಗಿ, ತಟ್ಟನೆ ನಿಲ್ಲಿಸಿ, ಮೈಕನ್ನು ಬದಿಗೆ ಹಿಡಿದು ನನ್ನ ಕಡೆ ತಿರುಗಿದಳು.

“ಎಂತದೋ ಚುಚ್ಚಿದಾಂಗ್ ಆತ್ತ್. ಒಂದ್ಸಲ ಬಾಕ್ಸ್ ಕಾಣಿ.”

ನಾನು ಆಂಪ್ಲಿಫೈಯರಿನ ಹತ್ತಿರ ಇನ್ನೊಂದು ಮೈಕ್ ಹಿಡಿದು ನಿಂತಿದ್ದೆ. ಆ ಮೈಕಿನಲ್ಲೇ ಹೇಳಿದೆ: “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

ಹಾಲಿನಲ್ಲಿ ನಗು ಎದ್ದಿತು. ಅವಳೂ ನಕ್ಕಳು. ಪದವನ್ನು ಕೆಳಗಿನ ಸ್ಥಾಯಿಯಲ್ಲೇ ಹಾಡಿ ಮುಗಿಸಿದಳು. ಮುಂದಿನ ಶನಿವಾರ ತಾಳ ಹಿಡಿದು ಕೂತಳೇ ಹೊರತು ಮೈಕ್ ಮುಟ್ಟಲಿಲ್ಲ. ಗಂಟಲು ಕೆಟ್ಟಿದೆ, ಡಾಕ್ಟರು ಹಾಡಬಾರದು ಅಂದಿದ್ದಾರೆ ಎಂದು ಎಲ್ಲರಿಗೂ ಹೇಳಿದಳು. ಯಾವ ಡಾಕ್ಟರು, ಯಾವತ್ತು ಹೋಗಿದ್ದೆ ಎಂದು ನಾನು ಕೇಳಲಿಲ್ಲ. ವಯಸ್ಸಾಯಿತು, ಸ್ವರ ಹೋಯಿತು ಎಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಿರಲಿಲ್ಲ.

ಆರು ವರ್ಷ ಹಾಗೇ ಹೋಯಿತು. ನಾನು ಬೆಳಿಗ್ಗೆ ಲೋಕಲ್ ರೈಲು ಹಿಡಿಯುತ್ತಿದ್ದೆ, ಠಾಣೆ ಸ್ಟೇಷನ್ನಿನಲ್ಲಿ ಇಳಿದು ರಬಾಳೆಯ ಗಾಡಿಗೆ ಬದಲಾಯಿಸುತ್ತಿದ್ದೆ, ಸಂಜೆ ಅದೇ ದಾರಿಯಲ್ಲಿ ತಿರುಗಿ ಬರುತ್ತಿದ್ದೆ. ಅವಳು ಹಾಡದ ಭಜನೆಗೆ ಪೆಟ್ಟಿಗೆ ತೆರೆಯುವ ಉತ್ಸಾಹವೂ ನನ್ನಲ್ಲಿ ಉಳಿಯಲಿಲ್ಲ. ಮನೆಯಲ್ಲಿ ಅವಳು ಕೆಲಸ ಮಾಡುತ್ತಾ ಗುನುಗುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಕಂಪನಿಯಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಇರುತ್ತಿತ್ತು. ಗಾಜಿನ ಕಿಟಕಿಯ ಗೂಡಿನಲ್ಲಿ ಕೂರಿಸಿ, ಪೀಂ ಎಂದು ಕೇಳಿಸಿದಾಗಲೆಲ್ಲ ಗುಂಡಿ ಒತ್ತು ಎನ್ನುತ್ತಿದ್ದರು. ಗಾಜಿನಾಚೆ ಯಂತ್ರ ಆಡಿಸುವವನ ಕೈ ನಮಗೆ ಕಾಣುತ್ತಿತ್ತು. ಕೈ ಅಲ್ಲಾಡಿದರೆ ಒತ್ತುವುದು. ಪ್ರೆಸ್ ಶಾಪಿನವರೆಲ್ಲ ಹಾಗೇ ಪಾಸಾದವರು. ಫೇಲಾದರೆ ಗೋಡೌನಿಗೆ ಹಾಕುತ್ತಾರೆ ಎಂಬ ಭಯವಿತ್ತು. ಮೋಸ ಮಾಡುತ್ತಿದ್ದೇನೆಂದು ನನಗೆ ಅನಿಸಲೇ ಇಲ್ಲ, ಉಪಾಯ ಅನಿಸಿತ್ತು.

ಗುಟ್ಟು ಬಯಲಾದದ್ದು ಜ್ವರದಿಂದ. ಹೆಂಡತಿ ಮಲಗಿದ್ದಳು. ಅವಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಅದು ಕೂಗುವುದನ್ನು ಕಾಯುತ್ತಾ ಕೂತೆ. ಕೂಗಲಿಲ್ಲ. ಒರೆಸಿ ಮತ್ತೆ ಇಟ್ಟೆ. ದರಿದ್ರದ ಮಾಲು, ಸೆಲ್ ಹೋಗಿದೆ ಎಂದು ಬೈದು ಸ್ಕ್ರೂಡ್ರೈವರ್ ತರಲು ಎದ್ದೆ. ಬಾಗಿಲಲ್ಲಿ ನಿಂತಿದ್ದ ಮಗಳು, “ಪಪ್ಪಾ, ತೀನ್ ಬಾರ್ ಬಜ್ ಚುಕಾ ಹೈ” ಎಂದಳು. ಆಗಲೇ ಮೂರು ಸಲ ಕೂಗಿದೆಯಂತೆ. ನಾನು ನಂಬಲಿಲ್ಲ. ಅವಳು ಅದನ್ನು ನನ್ನ ಕಿವಿಗೇ ಹಿಡಿದು, ಕೂಗಿದಾಗಲೆಲ್ಲ ಬೆರಳು ಎತ್ತಿ ತೋರಿಸಿದಳು. ಬೆರಳು ಏಳುತ್ತಿತ್ತು, ಸದ್ದಿಲ್ಲ.

ಮಗಳೇ ಠಾಣೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಕುರ್ಚಿಯನ್ನು ಗೋಡೆಗೆ ಮುಖಮಾಡಿ ಇಟ್ಟಿದ್ದರು, ಯಾರ ಕೈಯೂ ಕಾಣುತ್ತಿರಲಿಲ್ಲ. ಪರೀಕ್ಷೆ ಮಾಡಿದ ಹುಡುಗಿ ಒಂದು ಕಾಗದ ಕೊಟ್ಟಳು. ಗೆರೆ ದಪ್ಪ ಸ್ವರದ ಎಡಗಡೆ ಸಮನಾಗಿ ಬಂದು, ತೆಳು ಸ್ವರದ ಬಲಗಡೆ ಇಳಿದು ತಳ ಸೇರಿತ್ತು. “ಊಂಚಾ ಸುರ್ ತೋ ಆಪ್ಕೋ ಬರ್ಸೋಂ ಸೆ ನಹೀಂ ಆ ರಹಾ ಹೋಗಾ, ಕಾಕಾ” ಎಂದಳು. ಏರು ಸ್ವರ ನನಗೆ ವರ್ಷಗಳಿಂದಲೇ ಕೇಳುತ್ತಿರಲಿಕ್ಕಿಲ್ಲ ಎಂದು. ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ, ಆ ಗೆರೆ ನನಗೆ ಗುರುತಿನದೇ. ಕಂಡೆನ್ಸರ್ ಒಣಗಿದ ಸ್ಪೀಕರನ್ನು ಅಳೆದರೆ ಹಾಗೇ ಬರುತ್ತದೆ.

ಭಾನುವಾರ ಅಧ್ಯಕ್ಷರಿಂದ ಬೀಗದ ಕೈ ತೆಗೆದುಕೊಂಡು ಹಾಲಿಗೆ ಹೋದೆ. ಅವರೂ ಜೊತೆಗೆ ಬಂದರು. ಈ ಸಲ ಹಾರ್ನನ್ನೇ ಪರೀಕ್ಷಿಸೋಣವೆಂದು ಪೆಟ್ಟಿಗೆಯ ಮುಂದಿನ ಬಟ್ಟೆ ಬಿಚ್ಚಿದೆ. ಎರಡೂ ಹಾರ್ನುಗಳ ಬಾಯಿಗೆ ಶಾಲು ತುರುಕಿತ್ತು. ಮಂಡಳಿ ಸನ್ಮಾನಕ್ಕೆಂದು ಕಟ್ಟಿನಲ್ಲಿ ತಂದಿಡುತ್ತಿದ್ದ ಅವೇ ಜರಿ ಅಂಚಿನ ಶಾಲುಗಳು.

ಅಧ್ಯಕ್ಷರು ಕುರ್ಚಿಯಲ್ಲಿ ಕೂತುಬಿಟ್ಟರು. “ಬೇಜಾರು ಮಾಡ್ಬೇಡಿ ಮಾರಾಯ್ರೆ. ಕಿವಿ ಒಡ್ದು ಹೋಗ್ತಿತ್ತು. ಆದ್ರೆ ನಿಮ್ಗೆ ಸನ್ಮಾನ ಮಾಡಿದ್ದೇ ನಾವು. ಯಾವ ಬಾಯಲ್ಲಿ ಹೇಳುದು?”

“ಯಾವಾಗ ತುರುಕಿದ್ದು?”

“ನಿಮ್ಮ ಮನೆಯವ್ರು ಹಾಡುದು ಬಿಟ್ಟ ಮೇಲೆ. ಅವ್ರು ಹಾಡುವಾಗ ತುರುಕಿದ್ರೆ ಅವ್ರಿಗೆ ಕೂಡ್ಲೇ ಗೊತ್ತಾಗ್ತಿತ್ತು.”

ಶಾಲುಗಳನ್ನು ಎಳೆದು ಹೊರಗಿಟ್ಟೆ. ಫ್ಯಾನ್ ಕಂಡೆನ್ಸರುಗಳನ್ನು ತೆಗೆದೆ. ರೆಸಿಸ್ಟರನ್ನು ಮತ್ತೆ ಹಾಕಿದೆ. ಈ ಸಲ ಕಿವಿಯನ್ನು ನಂಬಲಿಲ್ಲ, ಮೀಟರನ್ನೇ ನಂಬಿದೆ. ಮಗಳನ್ನು ಕರೆಸಿ ಕೇಳಿಸಿದೆ. ಅವಳು, “ಅಬ್ ಠೀಕ್ ಹೈ” ಎಂದಳು. ಸಂತೋಷವಾಗಬೇಕಿತ್ತು. ಕಾಲು ಜೋಮು ಹಿಡಿದದ್ದು ಬಿಟ್ಟರೆ ಏನೂ ಆಗಲಿಲ್ಲ.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ನಿಂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ. ಕಿವಿಯ ಕಾಗದ, ಕಂಡೆನ್ಸರು, ಶಾಲು. ತಪ್ಪು ನಿನ್ನ ಸ್ವರದ್ದಲ್ಲ, ನನ್ನದು ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

“ಗೊತ್ತಿತ್ತ್.”

“ಏನು ಗೊತ್ತಿತ್ತು?”

“ನಿಮ್ ಕೆಮಿ ಹೋಯ್ತ್ ಅಂದೇಳಿ. ಎಲ್ಲರೂ ಸೇರಿ ನಿಮ್ಮತ್ರ ಹೇಳುಕೆ ಹೊರಟಿದ್ರ್. ಕೆಪ್ಪನ ಕೈಯಾಗೆ ಬಾಕ್ಸ್ ಕೊಟ್ರ್ ಹೀಂಗೇ ಆಪ್ದ್ ಅಂತ ಯಾರೋ ಅಂದ್ರ್. ನಾನೇ ಬೇಡ ಅಂದೆ. ನನ್ ಗಂಟ್ಲೇ ಹೋಯ್ತ್, ಬಾಕ್ಸಿಗ್ ಎಂತ ಆಯ್ಲಿಲ್ಲ ಅಂದೆ.”

“ಎಂತಕ್ಕೆ?”

“ನಿಮ್ ಕೆಮಿ ಹೋಯ್ತ್ ಅಂಬುಕಿಂತ ನನ್ ಸ್ವರ ಹೋಯ್ತ್ ಅಂಬುದ್ ಸುಲಭ ಇತ್ತ್. ಆ ಕೆಲ್ಸ ಬಿಟ್ರ್ ನಿಮ್ಗೆ ಬೇರೆ ಎಂತ ಇತ್ತ್?”

ಅವಳ ಮುಖದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ಜಗಳವನ್ನಾದರೂ ಆಡುತ್ತಿದ್ದೆ. ಪೆಟ್ಟಿಗೆ ಈಗ ಸರಿಯಾಗಿದೆ, ಈ ಶನಿವಾರ ಹಾಡು ಎಂದೆ. ಆರು ವರ್ಷ ಬಿಟ್ಟ ಸ್ವರ, ಈಗ ಬರುವುದಿಲ್ಲ ಎಂದಳು. ನಾನು ಬಿಡಲಿಲ್ಲ. ಒಂದು ಸಾಲು ಹಾಡು, ಇಲ್ಲೇ, ನನಗೋಸ್ಕರ ಎಂದೆ. ಮದುವೆಯಾದಾಗಿನಿಂದ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಿಟಕಿಯ ಕಡೆ ನೋಡಿ ಶುರುಮಾಡಿದಳು. ಕೆಳಗಿನ ಸಾಲು ಕೇಳಿಸಿತು. ಸ್ವಲ್ಪ ಒಡಕಿತ್ತು, ಆದರೂ ಅವಳದೇ ಸ್ವರ. ಆಮೇಲೆ ಮೇಲಿನ ಸಾಲಿಗೆ ಏರಿದಳು. ಕಣ್ಣು ಮುಚ್ಚಿದ್ದಳು, ಬಾಯಿ ಅಗಲವಾಗಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು. ನನಗೆ ಏನೂ ಕೇಳಿಸಲಿಲ್ಲ. ತುಟಿಯನ್ನೇ ನೋಡುತ್ತಾ, ಅದು ಮುಚ್ಚುವವರೆಗೂ ತಲೆದೂಗಿದೆ.

“ಹ್ಯಾಂಗಿತ್ತ್?” ಎಂದಳು.

“ಚಂದ ಉಂಟು. ಮೇಲಿನ ಸಾಲಂತೂ ಮೊದಲಿನ ಹಾಗೇ ಉಂಟು” ಎಂದೆ.

ಅವಳು ಮತ್ತೆ ಬೆಳ್ಳುಳ್ಳಿ ಕೈಗೆತ್ತಿಕೊಂಡಳು.

“ಮೇಲಿಂದಕ್ಕೆ ಬಾಯಿ ಮಾತ್ರ ತೆರ್ದದ್ದ್” ಎಂದಳು. “ಸ್ವರ ಹೊರಡ್ಲೇ ಇಲ್ಲ.”